‘ಡ್ರೀಖ್’ ಎಂಬ ಸ್ಕಾಟ್ಸ್ ಪದದ ಮೂಲ ಮತ್ತು ಬಳಕೆ: ಒಂದು ಚರ್ಚೆ

ಅಬರ್ಡೀನ್ ವಾಸಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಅಬರ್ಡೀನ್ ನಗರದಲ್ಲಿ ನಾನು ಕೆಲವು ವರ್ಷಗಳಿಂದ ನೆಲೆಸಿದ್ದೇನೆ. ಓದಲೆಂದೋ ಕೆಲಸಕ್ಕೆಂದೋ ಇಲ್ಲಿಗೆ ಹೊಸದಾಗಿ ಬರುವ ಕನ್ನಡಿಗರಿಗಾಗಿ ಇಲ್ಲಿನ ಆಡುಮಾತಿನ ಕಿರು ಪದಕೋಶವೊಂದನ್ನು ನಾವು ನಾಲ್ಕೈದು ಗೆಳೆಯರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ನಂಬಿಕೊಂಡು ಬಂದವರಿಗೆ ಇಲ್ಲಿ ಮೊದಲ ವಾರವೇ ತಬ್ಬಿಬ್ಬಾಗುತ್ತದೆ. ಹೇಗಿದ್ದೀರಿ ಎಂದು ಕೇಳುವುದಕ್ಕೆ ಈ ಭಾಗದ ಜನ ‘ಫಿಟ್ ಲೈಕ್’ ಎನ್ನುತ್ತಾರೆ. ‘ವಾಟ್’ ಎಂಬುದು ಇಲ್ಲಿ ‘ಫಿಟ್’ ಆಗಿದೆ ಎಂದು ಯಾರಾದರೂ ಬಿಡಿಸಿ ಹೇಳುವವರೆಗೆ ಅದು ತಿಳಿಯುವುದಿಲ್ಲ.

ನನ್ನ ಪ್ರಶ್ನೆ ‘ಡ್ರೀಖ್’ ಎಂಬ ಒಂದು ಪದಕ್ಕೆ ಸಂಬಂಧಿಸಿದ್ದು. ನಾನು ಇಲ್ಲಿಗೆ ಬಂದ ಮೊದಲ ನವೆಂಬರ್‌ನಲ್ಲಿ ಬಸ್ ನಿಲ್ದಾಣದಲ್ಲಿ ಪಕ್ಕಕ್ಕೆ ನಿಂತಿದ್ದ ವಯಸ್ಸಾದ ತಾಯಿಯೊಬ್ಬರು ಆಕಾಶ ನೋಡಿ, ‘ಗೈ ಡ್ರೀಖ್ ದ ಡೇ’ ಎಂದರು. ‘ಗೈ’ ಎಂದರೆ ಬಹಳ, ‘ದ ಡೇ’ ಎಂದರೆ ಇವತ್ತು. ಅಂದು ಜೋರು ಮಳೆಯೇನೂ ಇರಲಿಲ್ಲ. ಬೂದು ಬಣ್ಣದ ಮೋಡ ಮನೆಯ ಚಾವಣಿಗಳ ಮೇಲೆಯೇ ಕುಳಿತಂತಿತ್ತು, ಕೊಡೆ ಬಿಡಿಸಬೇಕೋ ಬೇಡವೋ ಎಂದು ತಿಳಿಯದಷ್ಟು ಸಣ್ಣದಾಗಿ ನೀರು ಬೀಳುತ್ತಿತ್ತು. ಹಾಗಾಗಿ ಪದಕೋಶದ ಮೊದಲ ಕರಡಿನಲ್ಲಿ ‘ಡ್ರೀಖ್: ಮೋಡ ಕವಿದ, ಮಂಕಾದ (ಹವೆ)’ ಎಂದು ಬರೆದು ಮುಂದಕ್ಕೆ ಹೋದೆ.

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಎರಡೂವರೆ ಗಂಟೆ ನಡೆದ ಸಭೆಯೊಂದು ಮುಗಿದ ಮೇಲೆ, ಸಹೋದ್ಯೋಗಿಯೊಬ್ಬರು ಕುರ್ಚಿಯಿಂದ ಏಳುತ್ತಾ ಆ ಸಭೆಯನ್ನೇ ‘ಡ್ರೀಖ್’ ಎಂದು ಕರೆದರು. ಹವೆಯ ಪದ ಸಭೆಗೆ ಹೇಗೆ ಅಂಟಿಕೊಂಡಿತು ಎಂದು ಕೇಳಿದಾಗ, ಚರ್ಚಿನ ಪ್ರವಚನಕ್ಕೂ ಹಾಗೆಯೇ ಹೇಳುತ್ತೇವಲ್ಲ ಎಂದಷ್ಟೇ ಅವರು ಉತ್ತರಿಸಿದರು. ನಾನು ಬರೆದ ಅರ್ಥ ಸರಿಯಾಗಿದ್ದರೆ ಪ್ರವಚನಕ್ಕೆ ಮೋಡ ಕವಿಯುವುದು ಹೇಗೆ? ಇದು ಹವೆಯಿಂದ ಹುಟ್ಟಿದ ರೂಪಕವೋ ಅಥವಾ ಪದದ ಮೂಲವೇ ಬೇರೆಯೋ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು. ಕನ್ನಡದಲ್ಲಿ ಇದಕ್ಕೆ ಯಾವ ಪದ ಸಲ್ಲುತ್ತದೆ ಎಂಬುದನ್ನೂ ಚರ್ಚಿಸಿದರೆ ನಮಗೆ ಬಹಳ ಸಹಾಯವಾಗುತ್ತದೆ.

ಬೆಂಗಳೂರಿನ ಓದುಗ

ಇದು ಇಂಗ್ಲಿಷಿನ ‘ಡ್ರಿಯರಿ’ ಎಂಬ ಪದದ ಸ್ಕಾಟಿಷ್ ಉಚ್ಚಾರಣೆ ಇರಬಹುದು. ಎರಡೂ ‘ಡ್ರೀ’ ಎಂದೇ ಶುರುವಾಗುತ್ತವೆ, ಎರಡರ ಅರ್ಥವೂ ಮಂಕು, ಬೇಸರ ಎಂದೇ ಇದೆ. ಕೊನೆಯ ‘ಖ್’ ಗೇಲಿಕ್ ಭಾಷೆಯ ಪ್ರಭಾವದಿಂದ ಸೇರಿಕೊಂಡಿರಬೇಕು.

ಮೈಸೂರಿನ ಅಧ್ಯಾಪಕಿ

ಈ ಊಹೆ ಬಹಳ ಜನರಿಗೆ ಬರುವಂಥದ್ದು, ಆದರೆ ಸರಿಯಲ್ಲ. ನಾನು ಐತಿಹಾಸಿಕ ಭಾಷಾವಿಜ್ಞಾನವನ್ನು ಪಾಠ ಮಾಡಿದವಳಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

‘ಡ್ರಿಯರಿ’ ಎಂಬುದು ಹಳೆಯ ಇಂಗ್ಲಿಷಿನ ‘ಡ್ರೇಯೊರಿಗ್’ ಎಂಬುದರಿಂದ ಬಂದದ್ದು. ಅದರ ಮೊದಲ ಅರ್ಥ ರಕ್ತಸಿಕ್ತ ಎಂದು. ‘ಡ್ರೇಯೊರ್’ ಎಂದರೆ ಗಾಯದಿಂದ ಸುರಿಯುವ ರಕ್ತ. ಅಲ್ಲಿಂದ ಕ್ರೂರ, ದುಃಖಕರ ಎಂಬ ಅರ್ಥಗಳ ಮೂಲಕ ಇಳಿದು ಇಂದಿನ ಬೇಸರದ ಅರ್ಥಕ್ಕೆ ಬಂದು ನಿಂತಿದೆ. ಡ್ರೀಖ್‌ನ ವಂಶವೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಡ್ರೇಯೊಗನ್’ ಎಂಬ ಕ್ರಿಯಾಪದವಿತ್ತು. ಸಹಿಸು, ಅನುಭವಿಸು, ನೆರವೇರಿಸು ಎಂಬುದು ಅದರ ಅರ್ಥ. ಅದಕ್ಕೆ ಸರಿಸಮವಾಗಿ ಹಳೆಯ ನಾರ್ಸ್ ಭಾಷೆಯಲ್ಲಿ ‘ದ್ರ್ಯೂಗ್ರ್’ ಎಂಬ ಗುಣವಾಚಕವಿತ್ತು. ಬಹುಕಾಲ ಬರುವ, ಸಾಕಷ್ಟು ಇರುವ ಎಂದು ಅರ್ಥ. ಮಧ್ಯಕಾಲದ ಉತ್ತರ ಇಂಗ್ಲೆಂಡಿನ ಬರಹಗಳಲ್ಲಿ ಇದೇ ಪದ ‘ಡ್ರೇಘ್’ ಎಂಬಂತಹ ರೂಪಗಳಲ್ಲಿ ಕಾಣಿಸುತ್ತದೆ. ಅದು ಸ್ಥಳೀಯವಾಗಿಯೇ ಉಳಿದುಬಂದದ್ದೋ, ವೈಕಿಂಗರ ವಸಾಹತುಗಳ ಮೂಲಕ ನಾರ್ಸ್‌ನಿಂದ ಬಂದದ್ದೋ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಬೇರು ಒಂದೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆ ಬೇರಿನ ಇನ್ನೊಂದು ಕವಲು ನನಗೆ ಬಹಳ ಮೆಚ್ಚಿಕೆಯಾದದ್ದು. ನಾಲ್ಕನೆಯ ಶತಮಾನದ ಗಾಥಿಕ್ ಭಾಷೆಯಲ್ಲಿ ‘ದ್ರಿಯುಗನ್’ ಎಂದರೆ ಸೈನಿಕನಾಗಿ ಸೇವೆ ಸಲ್ಲಿಸು ಎಂದು. ದಂಡಿನಲ್ಲಿ ದಿನಗಟ್ಟಲೆ ಕಷ್ಟ ಸಹಿಸಿ ನಿಲ್ಲುವವನ ಮಾತು ಅದು. ಹೀಗಾಗಿ ಪದದ ಮೂಲದಲ್ಲಿ ಮೋಡವೂ ಇಲ್ಲ, ಮಳೆಯೂ ಇಲ್ಲ; ಕಾಲ ಇದೆ, ಆ ಕಾಲವನ್ನು ಸಹಿಸುವ ಮನುಷ್ಯ ಇದ್ದಾನೆ.

ಗೇಲಿಕ್‌ಗೂ ಈ ಪದಕ್ಕೂ ಸಂಬಂಧವಿಲ್ಲ. ಗೇಲಿಕ್ ಎಂಬುದು ಕೆಲ್ಟಿಕ್ ಕುಟುಂಬದ ಭಾಷೆ. ಸ್ಕಾಟ್ಸ್ ಎಂಬುದು ನಾರ್ತಂಬ್ರಿಯಾ ಪ್ರದೇಶದ ಹಳೆಯ ಇಂಗ್ಲಿಷಿನಿಂದ ಬೆಳೆದದ್ದು, ಜರ್ಮ್ಯಾನಿಕ್ ಕುಟುಂಬಕ್ಕೆ ಸೇರಿದ್ದು. ಇಂಗ್ಲಿಷಿನಲ್ಲಿ ‘ನೈಟ್’, ‘ಬ್ರೈಟ್’ ಮೊದಲಾದ ಪದಗಳ ಕಾಗುಣಿತದಲ್ಲಿ ಮೂಕವಾಗಿ ಉಳಿದಿರುವ ಎರಡು ಅಕ್ಷರಗಳು ಒಂದು ಕಾಲಕ್ಕೆ ಇದೇ ಧ್ವನಿಯನ್ನು ಸೂಚಿಸುತ್ತಿದ್ದವು. ದಕ್ಷಿಣದವರು ಅದನ್ನು ಕಳೆದುಕೊಂಡರು, ಸ್ಕಾಟ್ಸ್ ಜನ ‘ನಿಖ್ಟ್’, ‘ಬ್ರಿಖ್ಟ್’ ಎಂದು ಉಳಿಸಿಕೊಂಡರು. ಎಂದರೆ ಆ ‘ಖ್’ ಹೊರಗಿನಿಂದ ಸೇರಿದ್ದಲ್ಲ, ಹಳೆಯದೇ ಉಳಿದಿರುವುದು.

ಕನ್ನಡದಲ್ಲಿ ಬರೆಯುವವರಿಗಾಗಿ ಉಚ್ಚಾರಣೆಯ ಬಗ್ಗೆ ಒಂದು ಮಾತು. ನಾವು ‘ಖ್’ ಎಂದು ಬರೆದರೂ ಅದು ನಮ್ಮ ಮಹಾಪ್ರಾಣವಲ್ಲ. ನಾಲಿಗೆ ಅಂಗುಳಿಗೆ ತಗಲದೆ ಹತ್ತಿರ ಹೋಗಿ, ನಡುವಿನ ಸಂದಿಯಿಂದ ಗಾಳಿ ಉಜ್ಜಿಕೊಂಡು ಹೊರಬರುವ ಧ್ವನಿ ಅದು. ಸರೋವರಕ್ಕೆ ಅವರು ಹೇಳುವ ‘ಲಾಖ್’ ಎಂಬಲ್ಲಿರುವುದೂ ಅದೇ ಜಾತಿಯ ಧ್ವನಿ; ಇಲ್ಲಿ ‘ಈ’ಕಾರದ ನಂತರ ಬರುವುದರಿಂದ ಸ್ವಲ್ಪ ಮುಂದಕ್ಕೆ, ಮೆತ್ತಗೆ ಕೇಳಿಸುತ್ತದೆ.

ಡಂಡೀಯಲ್ಲಿ ಓದುತ್ತಿರುವವ

ಮೇಡಂ ಅವರ ವಿವರಣೆಗೆ ಸ್ವೀಡನ್ನಿನ ಒಂದು ಉದಾಹರಣೆಯನ್ನು ಸೇರಿಸಬಯಸುತ್ತೇನೆ. ಸ್ವೀಡಿಷ್ ಭಾಷೆಯಲ್ಲಿ ಇದೇ ಪದ ‘ದ್ರೂಗ್’ ಎಂದು ಇಂದಿಗೂ ದಿನಬಳಕೆಯಲ್ಲಿದೆ. ‘ದ್ರೂಗ್’ ಗಂಟೆ ಎಂದರೆ ಒಂದು ಗಂಟೆಯ ಮೇಲೆ ಇನ್ನಷ್ಟು ಹೊತ್ತು, ನಾವು ಗಂಟೆಗೂ ಮಿಕ್ಕಿ ಎನ್ನುವ ಹಾಗೆ. ನಾರ್ವೆಯಲ್ಲೂ ಡೆನ್ಮಾರ್ಕಿನಲ್ಲೂ ಇದರ ಬಂಧುಗಳಿವೆ. ನಾನು ಬಲ್ಲಮಟ್ಟಿಗೆ ಅಲ್ಲಿ ಯಾರೂ ಅದನ್ನು ಹವೆಯ ಪದವೆಂದು ಭಾವಿಸುವುದಿಲ್ಲ. ಹವೆಗೆ ಹೆಚ್ಚಾಗಿ ಅಂಟಿಸಿಕೊಂಡವರು ಉತ್ತರ ಸಮುದ್ರದ ಈ ದಡದವರು. ಉತ್ತರ ಇಂಗ್ಲೆಂಡಿನ ಹಳೆಯ ಆಡುಮಾತಿನಲ್ಲೂ ‘ಡ್ರೀ’ ಎಂದು, ಕೊನೆಯ ಧ್ವನಿ ಕಳೆದುಕೊಂಡು, ಮುಗಿಯದ ಕೆಲಸಕ್ಕೂ ಬಿಡದ ಮಳೆಗೂ ಹೇಳುತ್ತಿದ್ದರು.

ಅಬರ್ಡೀನ್ ವಾಸಿ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಾನು ಕರಡಿನಲ್ಲಿ ಬರೆದದ್ದು ತಲೆಕೆಳಗಾಗಿದೆ. ಹವೆಯಿಂದ ಪ್ರವಚನಕ್ಕೆ ಹೋದ ಪದವಲ್ಲ ಇದು, ಪ್ರವಚನದ ಕಡೆಯಿಂದ ಹವೆಗೆ ಬಂದ ಪದ. ಇದನ್ನು ಹಳೆಯ ಬಳಕೆಗಳಿಂದ ತೋರಿಸಲು ಸಾಧ್ಯವೇ?

ಮೈಸೂರಿನ ಅಧ್ಯಾಪಕಿ

ಸಾಧ್ಯ, ಮತ್ತು ಅದಕ್ಕೆ ಒಳ್ಳೆಯ ಸಾಧನವೂ ಇದೆ. ಸ್ಕಾಟ್ಸ್ ಭಾಷೆಗೆ ಎರಡು ದೊಡ್ಡ ನಿಘಂಟುಗಳಿವೆ. 1700ಕ್ಕಿಂತ ಹಿಂದಿನ ಭಾಷೆಯದು ಹನ್ನೆರಡು ಸಂಪುಟಗಳದ್ದು, 2002ರಲ್ಲಿ ಪೂರ್ಣಗೊಂಡಿತು. 1700ರಿಂದ ಈಚಿನದು ಹತ್ತು ಸಂಪುಟಗಳದ್ದು, 1976ರಲ್ಲಿ ಮುಗಿಯಿತು. 2004ರಿಂದ ಎರಡನ್ನೂ ಒಟ್ಟಿಗೆ ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಹಾಗೆಯೇ ಇವು ಕೂಡ ಬಳಕೆಯ ಉಲ್ಲೇಖಗಳನ್ನು ಕಾಲಕ್ರಮದಲ್ಲಿ ಕೊಟ್ಟು ಅರ್ಥ ಹೇಳುವ ನಿಘಂಟುಗಳು. ತಲೆಮಾರುಗಟ್ಟಲೆ ವಿದ್ವಾಂಸರ ದುಡಿಮೆ ಅವುಗಳ ಹಿಂದೆ ಇದೆ.

ಅವನ್ನು ನೋಡಿದರೆ ಅರ್ಥದ ನಡಿಗೆ ಸ್ಪಷ್ಟವಾಗುತ್ತದೆ. ಹಳೆಯ ಸ್ಕಾಟ್ಸ್‌ನಲ್ಲಿ ‘ಆನ್ ಡ್ರೀಖ್’ ಎಂದರೆ ದೂರದಲ್ಲಿ ಎಂದು ಅರ್ಥವಿತ್ತು. ಎಂದರೆ ಸ್ಥಳದ ಉದ್ದಕ್ಕೂ ಈ ಪದ ಸಲ್ಲುತ್ತಿತ್ತು. ಮುಂದೆ ಕಾಲದ ಉದ್ದ ಮುಖ್ಯವಾಯಿತು: ಸವೆಯದ ದಾರಿ, ಮುಗಿಯದ ಕೆಲಸ. ಆ ಮೇಲೆ ಮನುಷ್ಯರಿಗೂ ಹೇಳತೊಡಗಿದರು. ಸಾಲ ತೀರಿಸಲು ನಾಳೆ ನಾಡಿದ್ದು ಎಂದು ಎಳೆಯುವವನು ಡ್ರೀಖ್, ಯಾವ ತೀರ್ಮಾನಕ್ಕೂ ಬೇಗ ಬಾರದವನು ‘ಡ್ರೀಖ್ ಓ ಡ್ರಾಯಿನ್’. ಪ್ರವಚನದ ಅರ್ಥವೂ ಇದರ ಜೊತೆಗೇ ಬೆಳೆದದ್ದು. 1560ರ ಧರ್ಮಸುಧಾರಣೆಯ ನಂತರ ಸ್ಕಾಟ್ಲೆಂಡಿನ ಚರ್ಚುಗಳಲ್ಲಿ ಉಪದೇಶಕ್ಕೇ ಪ್ರಾಧಾನ್ಯ ಬಂದಿತು. ಉಪದೇಶದ ಪೀಠದ ಬಳಿ ಹೊತ್ತು ಅಳೆಯಲು ಮರಳು ಗಡಿಯಾರ ಇಡುವ ಪದ್ಧತಿಯೂ ಇತ್ತು. ಮರದ ಬೆಂಚಿನ ಮೇಲೆ ಚಳಿಯಲ್ಲಿ ಕುಳಿತು ಆ ಮರಳು ಇಳಿಯುವುದನ್ನೇ ನೋಡುತ್ತಿದ್ದ ಜನರಿಗೆ ಈ ಪದ ಎಷ್ಟು ಬೇಕಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಕವಿ ರಾಬರ್ಟ್ ಬರ್ನ್ಸ್ 1786ರ ತನ್ನ ಮೊದಲ ಸಂಕಲನದಲ್ಲಿ ಇದೇ ಪದವನ್ನು ಬಳಸಿದ್ದಾನೆ. ಹೊಸ ವರ್ಷದ ಬೆಳಗ್ಗೆ ಮುದಿ ರೈತನೊಬ್ಬ ತನ್ನ ಮುದಿ ಕುದುರೆಯನ್ನು ಮಾತಾಡಿಸುವ ಕವಿತೆ ಅದು. ನಾವಿಬ್ಬರೂ ಹರೆಯದಲ್ಲಿದ್ದಾಗ, ಜಾತ್ರೆಗೆ ಹೋದ ಕಡೆ ಲಾಯದಲ್ಲಿ ಮೇವು ಸಿಗುವುದು ‘ಡ್ರೀಖ್’ ಆದರೆ ನೀನು ಹೇಗೆ ಕುಣಿದು ಕೆನೆದು ದಾರಿ ಹಿಡಿಯುತ್ತಿದ್ದೆ ಎಂದು ಅವನು ನೆನೆಯುತ್ತಾನೆ. ಇಲ್ಲಿ ಹವೆಯ ಸುಳಿವೇ ಇಲ್ಲ. ಮೇವು ಬರುವುದು ತಡವಾಗುವುದು, ಕಾಯಿಸುವುದು, ಅಷ್ಟೇ. ಅದಕ್ಕೂ ಹಿಂದಿನ, ಹದಿನಾಲ್ಕನೆಯ ಶತಮಾನದ ವಾಯವ್ಯ ಇಂಗ್ಲೆಂಡಿನ ಕಡೆಯ, ಆರ್ಥರ್ ರಾಜನ ಆಸ್ಥಾನದ ಗವೇನ್ ಎಂಬ ಯೋಧನ ಕಥೆ ಹೇಳುವ ಕಾವ್ಯದಲ್ಲಿ, ಕೊಡಲಿಯ ಏಟಿಗೆ ಕತ್ತು ಒಡ್ಡಿ ನಿಲ್ಲಲಿರುವ ಹಸಿರು ಯೋಧನ ಮುಖಭಾವಕ್ಕೆ ಇದೇ ವಂಶದ ಪದ ಬಂದಿದೆ. ಅಲ್ಲಿ ಅದರ ಅರ್ಥ ಅಲುಗದ, ಅಳುಕದ ಎಂದು.

ಶ್ರೀರಂಗಪಟ್ಟಣದ ಕಡೆಯವರು

ಸ್ಕಾಟ್ಸ್ ಪದಗಳಿಗೆ ಅರ್ಥ ಬರೆದ ಮೊದಲಿಗರಲ್ಲಿ ಒಬ್ಬರಿಗೆ ನಮ್ಮ ಊರಿನ ನಂಟಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕೆನಿಸಿತು. ಸ್ಕಾಟ್ಲೆಂಡಿನ ಗಡಿನಾಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ 1775ರಲ್ಲಿ ಹುಟ್ಟಿದ ಜಾನ್ ಲೇಡನ್, ಹದಿನಾರನೆಯ ಶತಮಾನದ ಒಂದು ಸ್ಕಾಟ್ಸ್ ಗದ್ಯಕೃತಿಯನ್ನು 1801ರಲ್ಲಿ ಸಂಪಾದಿಸಿ, ಅದಕ್ಕೆ ವಿಸ್ತಾರವಾದ ಪದಕೋಶವನ್ನು ಸೇರಿಸಿದರು. ಎರಡು ವರ್ಷಗಳ ನಂತರ ವೈದ್ಯರಾಗಿ ಮದರಾಸಿಗೆ ಬಂದು, ಕಾಲಿನ್ ಮೆಕೆಂಝಿ ನಡೆಸುತ್ತಿದ್ದ ಮೈಸೂರು ಸರ್ವೇಕ್ಷಣೆಯಲ್ಲಿ ಸೇರಿಕೊಂಡರು, ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಮಲಗಿದರು, ಕನ್ನಡವೂ ಸೇರಿದಂತೆ ಇಲ್ಲಿನ ಹಲವು ಭಾಷೆಗಳನ್ನು ಅಭ್ಯಾಸ ಮಾಡಿದರು. 1811ರಲ್ಲಿ ಜಾವಾದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಜಾನ್ ಜೇಮಿಸನ್ ಎಂಬ ಪಾದ್ರಿಯ ಹೆಸರಾಂತ ಸ್ಕಾಟಿಷ್ ವ್ಯುತ್ಪತ್ತಿ ನಿಘಂಟು ಹೊರಬಂದದ್ದು 1808ರಲ್ಲಿ, ಲೇಡನ್ನರ ಪದಕೋಶದ ನಂತರ. ತಮ್ಮ ಊರಿನ ಮಾತನ್ನು ಕಾಪಿಟ್ಟ ಮೇಲೆ ನಮ್ಮ ಮಾತಿನತ್ತ ತಿರುಗಿದ ಈ ಮನುಷ್ಯನ ಬಗ್ಗೆ ನಮ್ಮಲ್ಲಿ ಇನ್ನಷ್ಟು ಬರಹಗಳು ಬರಬೇಕು.

ಬೆಂಗಳೂರಿನ ಓದುಗ

ನನ್ನ ಊಹೆಯನ್ನು ತಿದ್ದಿದ್ದಕ್ಕೆ ಮೇಡಂ ಅವರಿಗೆ ಋಣಿ. ಆದರೂ ಒಂದು ಸಂಶಯ. ಸ್ಕಾಟ್ಲೆಂಡಿನಲ್ಲಿ ಅಷ್ಟು ಮಳೆ ಬೀಳುವುದರಿಂದಲೇ ಈ ಪದ ಹವೆಗೆ ಅಂಟಿಕೊಂಡಿತೇ?

ಎಡಿನ್‌ಬರೋದಲ್ಲಿರುವವಳು

ಮಳೆಯ ಪ್ರಮಾಣವನ್ನು ನೋಡಿದರೆ ತಮಗೆ ಆಶ್ಚರ್ಯವಾಗಬಹುದು. ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಗಳಲ್ಲಿ ವಿಪರೀತ ಮಳೆಯಾಗುತ್ತದೆ, ನಿಜ. ಆದರೆ ಎಡಿನ್‌ಬರೋದಲ್ಲಿ ವರ್ಷಕ್ಕೆ ಸರಾಸರಿ 700 ಮಿ.ಮೀ. ಆಸುಪಾಸು ಮಾತ್ರ, ಬೆಂಗಳೂರಿನಲ್ಲಿ ಅದು 970 ಮಿ.ಮೀ. ಆಸುಪಾಸು. ವ್ಯತ್ಯಾಸವಿರುವುದು ಬೀಳುವ ರೀತಿಯಲ್ಲಿ. ಬೆಂಗಳೂರಿನ ಮಳೆ ಸಂಜೆ ನಾಲ್ಕಕ್ಕೆ ಗುಡುಗಿ, ರಸ್ತೆಯೆಲ್ಲ ಹೊಳೆ ಮಾಡಿ, ಏಳಕ್ಕೆ ನಕ್ಷತ್ರ ತೋರಿಸುತ್ತದೆ. ಇಲ್ಲಿನದು ಅದಕ್ಕಿಂತ ಕಡಿಮೆ ನೀರನ್ನು ವರ್ಷದ 120ಕ್ಕೂ ಹೆಚ್ಚು ದಿನಗಳಿಗೆ ಹಂಚಿಕೊಂಡು ಬೀಳುತ್ತದೆ. ಅದಕ್ಕೆ ಉತ್ತರದ ಕತ್ತಲೆಯನ್ನು ಸೇರಿಸಿಕೊಳ್ಳಿ. ಅಬರ್ಡೀನ್‌ನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ, ಮುಳುಗುವುದು ಮೂರೂವರೆಯ ಹೊತ್ತಿಗೆ. ನಡುವಿನ ಆರೂ ಮುಕ್ಕಾಲು ಗಂಟೆಯೂ ಒಂದೇ ಬೂದು ಬಣ್ಣದಲ್ಲಿ ಕಳೆದುಹೋದರೆ ಆ ದಿನ ಡ್ರೀಖ್.

ಮಳೆಯ ಬಗೆಗಳಿಗೆ ಸ್ಕಾಟ್ಸ್‌ನಲ್ಲಿ ಬೇರೆ ಪದಗಳಿವೆ ಎಂಬುದನ್ನು ಪದಕೋಶ ಬರೆಯುವವರು ಗಮನಿಸಬೇಕು. ಮುಖಕ್ಕೆ ತಗುಲಿದರೂ ಕಣ್ಣಿಗೆ ಕಾಣದ ಸಣ್ಣ ತುಂತುರಿಗೆ ‘ಸ್ಮರ್’ ಎನ್ನುತ್ತಾರೆ. ವಸಂತ ಮತ್ತು ಬೇಸಗೆಯಲ್ಲಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಬೆಚ್ಚನೆಯ ಗಾಳಿ ಬಂದಾಗ ಎದ್ದು ಪೂರ್ವ ಕರಾವಳಿಯ ಊರುಗಳನ್ನು ನುಂಗುವ ಮಂಜಿಗೆ ‘ಹಾರ್’ ಎಂದು ಹೆಸರು. ನೆಲಕ್ಕೆ ಬಿದ್ದು ಪುಟಿಯುವ ಜೋರು ಮಳೆಯನ್ನು ಗ್ಲಾಸ್ಗೋದವರು ‘ಸ್ಟೋಟಿನ್’ ಎನ್ನುತ್ತಾರೆ. ಅದರಲ್ಲಿ ಸಿಕ್ಕಿ ತೊಯ್ದು ತೊಪ್ಪೆಯಾದವನು ‘ಡ್ರೂಕಿಟ್’. ಸ್ಟೋಟಿನ್ ಮಳೆಯನ್ನು ಯಾರೂ ಡ್ರೀಖ್ ಎನ್ನುವುದನ್ನು ನಾನು ಕೇಳಿಲ್ಲ, ಏಕೆಂದರೆ ಅದು ಬಂದು ಹೋಗುವಂಥದ್ದು. ಒಂದು ಹನಿ ಬೀಳದಿದ್ದರೂ, ಹಾರ್ ಕವಿದು ಮೂರು ದಿನ ಜಾಗ ಬಿಡದೆ ಕುಳಿತರೆ ಆಗ ಡ್ರೀಖ್ ಎನ್ನುತ್ತಾರೆ. ಹವೆಯ ಅರ್ಥದಲ್ಲಿಯೂ ಹಳೆಯ ಅರ್ಥ ಜೀವಂತವಾಗಿದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಇದು ಹಳ್ಳಿಯ ಹಿರಿಯರ ಬಾಯಲ್ಲಿ ಮಾತ್ರ ಉಳಿದ ಪದವೂ ಅಲ್ಲ. ಸ್ಕಾಟ್ಸ್ ಆಡದೆ ಶಿಷ್ಟ ಇಂಗ್ಲಿಷನ್ನೇ ಆಡುವ ಇಲ್ಲಿನ ವಕೀಲರೂ ವೈದ್ಯರೂ ಇದನ್ನು ಸಹಜವಾಗಿ ಬಳಸುತ್ತಾರೆ. 2019ರಲ್ಲಿ ಇಲ್ಲಿನ ಪುಸ್ತಕ ಸಪ್ತಾಹದ ಸಂದರ್ಭದಲ್ಲಿ ಓದುಗರು ತಮ್ಮ ಅಚ್ಚುಮೆಚ್ಚಿನ ಸ್ಕಾಟ್ಸ್ ಪದವೆಂದು ಆರಿಸಿದ್ದೂ ಇದನ್ನೇ.

ತೀರ್ಥಹಳ್ಳಿ ಕಡೆಯವ

ಕನ್ನಡದ ಪದದ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲವಾದ್ದರಿಂದ ನಾನು ಪ್ರಯತ್ನಿಸುತ್ತೇನೆ. ‘ಮಂಕು’, ‘ಮಬ್ಬು’ ಎಂದರೆ ಬೆಳಕಿನ ಮಾತಾಯಿತು. ‘ಜಿಟಿಜಿಟಿ’, ‘ತುಂತುರು’ ಎಂದರೆ ಹನಿಯ ಗಾತ್ರದ ಮಾತಾಯಿತು, ಅವು ‘ಸ್ಮರ್’ ಎಂಬುದಕ್ಕೆ ಸಲ್ಲುತ್ತವೆ. ‘ಜಡಿಮಳೆ’ಯಲ್ಲಿ ಎಡೆಬಿಡದಿರುವ ಅರ್ಥವಿದೆ, ಆದರೆ ಅದರಲ್ಲಿ ರಭಸವೂ ಸೇರಿಕೊಂಡಿದೆ. ಆಷಾಢದಲ್ಲಿ ನಮ್ಮ ಮಲೆನಾಡಿನಲ್ಲಿ ಒಂದು ಮಾತು ಹೇಳುತ್ತೇವೆ: ‘ಮಳೆ ಹಿಡಿದುಕೊಂಡಿದೆ’. ಎಷ್ಟು ಬೀಳುತ್ತಿದೆ ಎಂಬುದು ಅಲ್ಲಿ ಮುಖ್ಯವಲ್ಲ. ಬಿಡುತ್ತಿಲ್ಲ ಎಂಬುದು ಮುಖ್ಯ. ಒಲೆಯ ಮೇಲಿನ ಅಟ್ಟದಲ್ಲಿ ಹರಡಿದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಹೊಗೆಯ ವಾಸನೆ ಹಿಡಿದಾಗ ನನ್ನ ಅಜ್ಜಿ ಈ ಮಾತನ್ನು ಹೇಳುತ್ತಿದ್ದ ರೀತಿ ನೆನಪಿದೆ. ‘ಹಿಡಿ’ ಎಂಬ ಕ್ರಿಯಾಪದ ಡ್ರೀಖ್‌ಗೆ ಬಹಳ ಹತ್ತಿರವಿದೆ ಎಂದು ನನಗನಿಸುತ್ತದೆ.

ಅಬರ್ಡೀನ್ ವಾಸಿ

ಹವೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ‘ಹಿಡಿದುಕೊಂಡ ಸಭೆ’ ಎನ್ನಲಾಗುವುದಿಲ್ಲವಲ್ಲ. ಸಭೆಗೂ ಸಾಲಗಾರನಿಗೂ ‘ಎಳೆಯುವುದು’ ಎಂಬುದೇ ಸರಿಹೋಗಬಹುದೇನೋ. ಸಭೆ ಎಳೆಯಿತು, ದುಡ್ಡು ಕೊಡದೆ ಎಳೆದಾಡಿಸಿದ.

ಮೈಸೂರಿನ ಅಧ್ಯಾಪಕಿ

ಎರಡೂ ಸಲಹೆಗಳು ಒಳ್ಳೆಯವು, ನಿಮ್ಮ ಪದಕೋಶಕ್ಕೆ ಎರಡನ್ನೂ ಬಳಸಿಕೊಳ್ಳಿ. ನನಗೆ ಈ ಚರ್ಚೆಯನ್ನು ಓದುತ್ತಾ ಹೊಳೆದದ್ದು ಇನ್ನೊಂದು ಪದ. ನೋವನ್ನು ‘ತಾಳು’ ಎಂದರೆ ಸಹಿಸು ಎಂದು. ಈ ಬಟ್ಟೆ ‘ತಾಳಿಕೆ’ ಬರುತ್ತದೆ ಎಂದರೆ ಬಹುಕಾಲ ಬರುತ್ತದೆ ಎಂದು. ‘ಸ್ವಲ್ಪ ತಾಳು’ ಎಂದರೆ ಕಾಯಿ ಎಂದು. ಸಹಿಸುವುದು, ಬಹುಕಾಲ ಬರುವುದು, ಕಾಯುವುದು: ಈ ಮೂರನ್ನೂ ಕನ್ನಡ ಒಂದೇ ಧಾತುವಿನಲ್ಲಿ ಹಿಡಿದಿಟ್ಟಿದೆ. ಹಳೆಯ ಇಂಗ್ಲಿಷಿನ ‘ಡ್ರೇಯೊಗನ್’ ಸಹಿಸುವುದು, ನಾರ್ಸ್‌ನ ‘ದ್ರ್ಯೂಗ್ರ್’ ಬಹುಕಾಲ ಬರುವುದು, ಬರ್ನ್ಸ್‌ನ ಕುದುರೆ ಮೇವಿಗಾಗಿ ಕಾಯುವುದು. ಕನ್ನಡಕ್ಕೂ ಈ ಭಾಷೆಗಳಿಗೂ ಯಾವ ವಂಶಸಂಬಂಧವೂ ಇಲ್ಲ. ಆದರೂ ಅರ್ಥಗಳು ಒಂದೇ ದಾರಿಯಲ್ಲಿ ನಡೆದಿವೆ. ಸ್ಕಾಟ್ಸ್‌ನಲ್ಲಿ ‘ಡ್ರೀ’ ಎಂಬ ಕ್ರಿಯಾಪದ ಇಂದಿಗೂ ಒಂದು ನುಡಿಗಟ್ಟಿನಲ್ಲಿ ಉಳಿದಿದೆ: ‘ಡ್ರೀ ಯೆರ್ ವೀರ್ಡ್’, ನಿನ್ನ ಹಣೆಬರಹವನ್ನು ನೀನು ತಾಳಿಕೋ ಎಂದು. ಅಲ್ಲಿನ ‘ವೀರ್ಡ್’ ಎಂದರೆ ವಿಧಿ.

ಡಂಡೀಯಲ್ಲಿ ಓದುತ್ತಿರುವವ

ಪದಕೋಶದ ಮುನ್ನುಡಿಯಲ್ಲಿ ಸ್ಕಾಟ್ಸ್ ಅನ್ನು ‘ಕೆಟ್ಟ ಇಂಗ್ಲಿಷ್’ ಎಂದಾಗಲಿ, ‘ಹಳ್ಳಿಯ ಇಂಗ್ಲಿಷ್’ ಎಂದಾಗಲಿ ದಯವಿಟ್ಟು ಬರೆಯಬೇಡಿ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಮನೆಯ ಮಾತಾಡಿದರೆ ಗದರಿಸಿ ತಿದ್ದುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ, ಅವರಿಗೆ ನೋವಾಗುತ್ತದೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಈ ಭಾಷೆಯ ಬಗ್ಗೆ ಪ್ರಶ್ನೆ ಕೇಳಿದಾಗ 15 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸ್ಕಾಟ್ಸ್ ಆಡಬಲ್ಲೆವು ಎಂದರು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ನೀಡುವ ಕಾನೂನನ್ನು ಅಂಗೀಕರಿಸಿದೆ.

ಅಬರ್ಡೀನ್ ವಾಸಿ

ಎಲ್ಲರ ಮಾತುಗಳನ್ನೂ ಗೆಳೆಯರೊಂದಿಗೆ ಕುಳಿತು ಓದಿದೆವು. ನಮೂದನ್ನು ಹೀಗೆ ತಿದ್ದಿ ಬರೆದಿದ್ದೇವೆ: ‘ಡ್ರೀಖ್: ಬೇಗ ಬಿಡದ, ಬೇಗ ಮುಗಿಯದ, ತಾಳಿಕೊಳ್ಳಬೇಕಾದ. ಹವೆಗೆ: ಹಿಡಿದುಕೊಂಡ ಮೋಡ, ಮಳೆ, ಮಂಜು. ಮಾತಿಗೆ, ಸಭೆಗೆ, ದಾರಿಗೆ: ಎಳೆಯುವ, ಸವೆಯದ. ಮನುಷ್ಯರಿಗೆ (ಹಳೆಯ ಬಳಕೆ): ಕೊಡುವುದನ್ನು ಕೊಡದೆ ಎಳೆಯುವ.’ ಮುನ್ನುಡಿಯ ಬಗೆಗಿನ ಸಲಹೆಯನ್ನೂ ಒಪ್ಪಿಕೊಂಡಿದ್ದೇವೆ.

ಕೊನೆಯ ಅರ್ಥದ ಬಗ್ಗೆ ನನಗೆ ಅನುಮಾನವಿತ್ತು. ನಿಘಂಟಿನಲ್ಲಿದ್ದರೂ ಇಂದು ಯಾರ ಬಾಯಲ್ಲಾದರೂ ಅದು ಉಳಿದಿದೆಯೇ ಎಂದು ತಿಳಿಯಲು, ನಿನ್ನೆ ಬಸ್ ನಿಲ್ದಾಣದಲ್ಲಿ ಅದೇ ತಾಯಿಯನ್ನು ಕೇಳಿದೆ. ಅವರು ಕೈಚೀಲವನ್ನು ಬೆಂಚಿನ ಮೇಲಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ಅವರ ತಾಯಿ ಊರಿನಲ್ಲಿ ಮೊಟ್ಟೆ ಮಾರುತ್ತಿದ್ದರಂತೆ. ವಾರದ ಲೆಕ್ಕವನ್ನು ತಿಂಗಳಾದರೂ ಚುಕ್ತಾ ಮಾಡದ ಒಂದು ಮನೆಯಿತ್ತಂತೆ. ಆ ಮನೆಯ ಬಾಗಿಲು ತಟ್ಟಿ ಬರಿಗೈಯಲ್ಲಿ ಹಿಂದಿರುಗಿದಾಗಲೆಲ್ಲ, ಅವರು ಡ್ರೀಖ್ ಜನ ಎಂದು ತಾಯಿ ಹೇಳುತ್ತಿದ್ದರಂತೆ. ಅದನ್ನೇ ಉದಾಹರಣೆಯಾಗಿ ಸೇರಿಸಿಕೊಳ್ಳಲೇ ಎಂದು ಕೇಳಿದ್ದಕ್ಕೆ ಅವರು ಸಂತೋಷದಿಂದ ಒಪ್ಪಿದರು, ಆದರೆ ಆ ಮನೆಯವರ ಹೆಸರನ್ನು ಮಾತ್ರ ಹೇಳಲಿಲ್ಲ.